ಶೇವಿಂಗ್ ಕನ್ನಡಿಯಲ್ಲಿ ಸೂರ್ಯನ ಅಳತೆ

ಊರಲ್ಲಿ ಮಕ್ಕಳಿಗೆ ಬೇಸಿಗೆ ರಜೆ ನಡೀತಾ ಇದೆ. ಇಲ್ಲಿ ನಮಗೆ ಬೇಸಿಗೆ ಮಾತ್ರ ಬಂದಿದೆ, ರಜೆ ಬಂದಿಲ್ಲ. ಈ ಅಂಕಣಕ್ಕೆ ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಒಂದೇ ಥರದ ಪ್ರಶ್ನೆ ಬರುತ್ತದೆ. "ಮಗಳಿಗೆ ಸೈನ್ಸ್ ಅಂದ್ರೆ ಇಷ್ಟ. ಊರಿಗೆ ಹೋಗೋರ ಕೈಲಿ ಏನಾದ್ರೂ ಕಿಟ್ ಕಳಿಸಬೇಕು ಅಂತಿದ್ದೀನಿ. ಯಾವುದು ತಗೊಳ್ಳೋದು?"

ನಮ್ಮ ಉತ್ತರ: ತಗೋಬೇಡಿ. ಸ್ವಲ್ಪ ಚೆನ್ನಾಗಿರೋದು ಬೇಕು ಅಂದ್ರೆ ನೂರು ದಿರ್ಹಮ್ ಹತ್ತಿರ ಹೋಗುತ್ತದೆ. ಪೆಟ್ಟಿಗೆ ದೊಡ್ಡದು, ಒಳಗಿರೋದು ಒಂದು ಹಿಡಿ ಪ್ಲಾಸ್ಟಿಕ್ಕು. ಸೂಚನೆ ಎಲ್ಲ ಇಂಗ್ಲಿಷಿನಲ್ಲೋ ಚೀನಿಯಲ್ಲೋ ಇರುತ್ತದೆ. ಊರಿಗೆ ಹೋದ ಮೇಲೆ ಒಂದು ದಿನ ಆಡಿ, ಎರಡನೇ ದಿನ ಒಂದು ತುಂಡು ಕಳೆದು, ಮೂರನೇ ದಿನ ಅದು ಅಟ್ಟ ಸೇರುತ್ತದೆ. ಮುಖ್ಯವಾದ ಮಾತು ಏನಂದ್ರೆ, ಕಿಟ್ ಹೋಗುತ್ತೆ, ಅಪ್ಪ ಹೋಗಲ್ಲ. ಅಪ್ಪ ಇಲ್ಲೇ ಶಾರ್ಜಾದಲ್ಲೋ ಕುವೈತಿನಲ್ಲೋ ಕೂತು "ಕಿಟ್ ತಲುಪ್ತಾ?" ಅಂತ ಕೇಳೋದಷ್ಟೇ.

ಹಾಗಾಗಿ ಈ ತಿಂಗಳು ನಾವು ಬರೀತಾ ಇರೋದು ಬೇರೆ ಥರದ ಕೈಕೆಲಸಗಳ ಬಗ್ಗೆ. ಎರಡು ಷರತ್ತು ಹಾಕಿಕೊಂಡಿದ್ದೇವೆ. ಒಂದು, ಸಾಮಾನು ಇಲ್ಲೂ ಸಿಗಬೇಕು, ಊರಲ್ಲೂ ಮನೆಯಲ್ಲೇ ಇರಬೇಕು. ಎರಡು, ಇಲ್ಲಿ ನೀವು, ಅಲ್ಲಿ ಮಗು, ಒಂದೇ ಕೆಲಸವನ್ನು ಒಂದೇ ದಿನ ಮಾಡುವ ಹಾಗಿರಬೇಕು. ನಾವು ಓದಿದ್ದು ಬಿಕಾಂ. ವಿಜ್ಞಾನ ನಮಗೆ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಆದರೆ ಲೆಕ್ಕ ಬರುತ್ತದೆ, ಮತ್ತು ಇವುಗಳಲ್ಲಿ ಮೊದಲನೆಯದಕ್ಕೆ ಬೇಕಾಗಿರೋದು ಲೆಕ್ಕವೇ.

ನಮ್ಮ ರೂಮಿನಲ್ಲಿ ಆರು ಜನ. ಬಂಟ್ವಾಳದ ಕಡೆಯವರು ಇಬ್ಬರು, ಹಾಸನದವರೊಬ್ಬರು, ದಾವಣಗೆರೆಯವರೊಬ್ಬರು, ಯಾದಗಿರಿಯವರೊಬ್ಬರು, ನಾವು. ಯಾದಗಿರಿಯವರದು ಸೈಟಿನಲ್ಲಿ ಕಬ್ಬಿಣ ಕಟ್ಟುವ ಕೆಲಸ. ಮಗಳು ಐದನೇ ಕ್ಲಾಸು ಮುಗಿಸಿದ್ದಾಳೆ. ದಿನಾ ರಾತ್ರಿ ಊಟಕ್ಕೆ ಮುಂಚೆ ಫೋನು ಮಾಡುತ್ತಾರೆ. ಫೋನು ಎರಡು ನಿಮಿಷಕ್ಕೆ ಮುಗಿಯುತ್ತದೆ. ಒಂದು ಸಲ ನಾವು ಕೇಳಿದ್ದಕ್ಕೆ ಹೇಳಿದರು, "ಏನು ಮಾತಾಡ್ಲಿರೀ ಸರ? ಊಟ ಆತೇನವ್ವಾ ಅಂತೀನಿ. ಹೂಂ ಅಂತಾಳ. ಸಾಲಿ ಹೆಂಗೈತಿ ಅಂತೀನಿ. ಚಲೋ ಐತಿ ಅಂತಾಳ. ಮುಗೀತಲ್ಲ." ಈ ಎರಡು ನಿಮಿಷದ ಫೋನು ನಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇದೆ. ಮಗು ಎರಡು ವರ್ಷಕ್ಕೊಮ್ಮೆ ನೋಡುವ ಅಪ್ಪನ ಹತ್ತಿರ ಏನು ಮಾತಾಡಬೇಕು ಅಂತ ಮಗುವಿಗೂ ಗೊತ್ತಿಲ್ಲ.

ಈಗ ಕೆಲಸಕ್ಕೆ ಬರೋಣ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆಲ್ಲ ಇದು ನೆನಪಿರುತ್ತದೆ. ಹೆಂಚಿನ ಸಂದಿಯಿಂದ ಬಿಸಿಲು ಕೋಲಿನ ಹಾಗೆ ಇಳಿದು ನೆಲದ ಮೇಲೆ ಬಿಲ್ಲೆಯ ಹಾಗೆ ಬೀಳುತ್ತಿತ್ತು. ಅದರಲ್ಲಿ ಧೂಳು ತೇಲೋದನ್ನು ನೋಡುತ್ತಾ ಮಧ್ಯಾಹ್ನ ಕಳೆದಿದ್ದೇವೆ. ಆದರೆ ಒಂದು ಪ್ರಶ್ನೆ ನಾವ್ಯಾರೂ ಕೇಳಿಕೊಂಡಿರಲಿಲ್ಲ. ಹೆಂಚಿನ ಸಂದಿ ಗುಂಡಗಿರುವುದಿಲ್ಲ, ಸೀಳಿದ ಹಾಗೆ, ಮೂಲೆಮೂಲೆಯಾಗಿ ಇರುತ್ತದೆ. ಕೆಳಗೆ ಬಿದ್ದ ಬಿಸಿಲು ಮಾತ್ರ ಯಾಕೆ ಗುಂಡಗೆ? ಯಾಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಸಣ್ಣ ತೂತಿನಿಂದ ಬಂದ ಬೆಳಕು ಸಾಕಷ್ಟು ದೂರ ಹೋದರೆ, ತೂತಿನ ಆಕಾರ ಮರೆಯಾಗಿ ಬೆಳಕು ಎಲ್ಲಿಂದ ಬಂತೋ ಆ ವಸ್ತುವಿನ ಆಕಾರ ಮೂಡುತ್ತದೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಒಂದು ಶೇವಿಂಗ್ ಕನ್ನಡಿ ತಗೊಳ್ಳಿ. ಮಟ್ಟಸವಾದದ್ದು, ಮುಖ ದೊಡ್ಡದಾಗಿ ತೋರಿಸುವಂಥದ್ದು ಬೇಡ. ಅದಕ್ಕೆ ಪೂರ್ತಿ ದಪ್ಪ ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರಿನ ತ್ರಿಕೋನ ಕತ್ತರಿಸಿ. ಬಿಸಿಲಿಗೆ ಹಿಡಿದು ಒಂದು ಅಡಿ ದೂರದ ರಟ್ಟಿನ ಮೇಲೆ ಬೆಳಕು ಬಿಡಿ. ತ್ರಿಕೋನವೇ ಬೀಳುತ್ತದೆ. ಈಗ ರಟ್ಟು ಹಿಡಿದವರು ಹಿಂದೆ ಹಿಂದೆ ಹೋಗಲಿ. ಮೂಲೆಗಳು ಕರಗುತ್ತಾ ಬಂದು, ಹತ್ತು ಹದಿನೈದು ಹೆಜ್ಜೆ ಹೋಗುವ ಹೊತ್ತಿಗೆ ಗುಂಡನೆಯ ಬಿಲ್ಲೆ ಆಗಿರುತ್ತದೆ. ನಮ್ಮ ರೂಮಿನ ಹಾಸನದವರು ತ್ರಿಕೋನ ಬಿಟ್ಟು ನಕ್ಷತ್ರ ಕತ್ತರಿಸಿ ನೋಡಿದರು. ಅದೂ ಗುಂಡಗೆ ಆಯಿತು. ಒಂದು ಭಾನುವಾರ ಬೆಳಗ್ಗೆ ಪೂರ್ತಿ ಇದರಲ್ಲೇ ಹೋಯಿತು.

ಇನ್ನು ಅಳತೆ. ಆ ಬಿಲ್ಲೆ ಸೂರ್ಯನ ಚಿತ್ರ ಅಂದ ಮೇಲೆ, ತ್ರೈರಾಶಿ ಹಾಕಿದರೆ ಸೂರ್ಯ ಎಷ್ಟು ದೊಡ್ಡದು ಅಂತ ಬರಬೇಕಲ್ಲ? ಬರುತ್ತದೆ. ಬಿಲ್ಲೆಯ ಅಗಲಕ್ಕೂ ಕನ್ನಡಿಯಿಂದ ಬಿಲ್ಲೆಗಿರುವ ದೂರಕ್ಕೂ ಏನು ಸಂಬಂಧವೋ, ಸೂರ್ಯನ ಅಗಲಕ್ಕೂ ಸೂರ್ಯನ ದೂರಕ್ಕೂ ಅದೇ ಸಂಬಂಧ. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರ್. ಅದನ್ನು ದೊಡ್ಡವರು ಅಳೆದಿಟ್ಟಿದ್ದಾರೆ. ನಾವು ಓಪನಿಂಗ್ ಬ್ಯಾಲೆನ್ಸ್ ತಗೊಂಡ ಹಾಗೆ ತಗೊಂಡರಾಯಿತು.

ಮಾಡುವ ಕ್ರಮ ಹೀಗೆ. ಕಾಗದದಲ್ಲಿ ಈಗ ಸಣ್ಣ ತೂತು ಬೇಕು, ಅರ್ಧ ಸೆಂಟಿಮೀಟರ್ ಸಾಕು. ಪಂಚಿಂಗ್ ಮೆಷಿನ್ ಇದ್ದರೆ ಅದರ ತೂತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಾವು ಆಫೀಸಿನದನ್ನೇ ಬಳಸಿದೆವು. ಕನ್ನಡಿಯನ್ನು ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ, ಒಂದು ಅಕ್ಕಿ ಚೀಲಕ್ಕೋ ಮಡಚಿದ ಟವೆಲ್ಲಿಗೋ ಒರಗಿಸಿ ಇಡಿ. ಕೈಯಲ್ಲಿ ಹಿಡಿದರೆ ನಡುಗುತ್ತದೆ. ಬೆಳಕನ್ನು ಉದ್ದನೆಯ ಕಾರಿಡಾರಿಗೆ, ಕತ್ತಲಿರುವ ಕಡೆಗೆ ಬಿಡಿ. ದೂರ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು. ಬಿಲ್ಲೆ ದೊಡ್ಡದಾಗುತ್ತದೆ, ಅಳೆಯುವಾಗ ಬರುವ ವ್ಯತ್ಯಾಸ ಕಡಿಮೆಯಾಗುತ್ತದೆ. ಗೋಡೆಯ ಮೇಲೆ ನೇರವಾಗಿ ಬಿದ್ದಿದ್ದರೆ ಸರಿ. ಓರೆಯಾಗಿ ಬಿದ್ದಿದ್ದರೆ ಒಂದು ಬಿಳಿ ರಟ್ಟನ್ನು ಬೆಳಕಿಗೆ ಎದುರಾಗಿ ಹಿಡಿಯಿರಿ. ಪೆನ್ಸಿಲಿನಲ್ಲಿ ಬಿಲ್ಲೆಯ ಎರಡೂ ಅಂಚಿಗೆ ಗುರುತು ಹಾಕಿ. ಬೇಗ ಹಾಕಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇವೆ. ಅಗಲದಲ್ಲಿ ತೂತಿನ ಅರ್ಧ ಸೆಂಟಿಮೀಟರ್ ಕಳೆಯಿರಿ. ಉಳಿದದ್ದು ಸೂರ್ಯನ ಪಾಲು.

ನಮ್ಮ ಕಟ್ಟಡದ ಕಾರಿಡಾರಿನಲ್ಲಿ ದೂರ 12 ಮೀಟರ್, ಅಂದರೆ 1200 ಸೆಂಟಿಮೀಟರ್. ಬಿಲ್ಲೆ 11.8. ತೂತು ಕಳೆದರೆ 11.3. ಅದನ್ನು 1200ರಿಂದ ಭಾಗಿಸಿ 15 ಕೋಟಿಯಿಂದ ಗುಣಿಸಿದರೆ 14 ಲಕ್ಷದ 12 ಸಾವಿರ ಕಿಲೋಮೀಟರ್ ಚಿಲ್ಲರೆ. ಪುಸ್ತಕದಲ್ಲಿರುವ ಸೂರ್ಯನ ವ್ಯಾಸ ಸುಮಾರು 13 ಲಕ್ಷದ 92 ಸಾವಿರ. ನೂರಕ್ಕೆ ಒಂದೂವರೆ ವ್ಯತ್ಯಾಸ. ಐದು ದಿರ್ಹಮ್ ಕನ್ನಡಿಗೆ, ಎರಡು ದಿರ್ಹಮ್ ಟೇಪಿಗೆ ಇದು ಸಾಲದೇ? ನಮ್ಮ ಕೆಲಸದಲ್ಲಿ ಒಂದೂವರೆ ಪರ್ಸೆಂಟ್ ವ್ಯತ್ಯಾಸ ಬಂದರೆ ಆಡಿಟರ್ ರಾತ್ರಿ ಮನೆಗೆ ಕಳಿಸುವುದಿಲ್ಲ. ಆದರೆ ಸೂರ್ಯನ ವಿಷಯದಲ್ಲಿ ನಾವು ಸ್ವಲ್ಪ ಸಡಿಲ ಬಿಟ್ಟೆವು.

ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇವೆ. ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು, ತೂತಿನ ಮೂಲಕವೂ ನೋಡಬಾರದು, ಕನ್ನಡಿಯಲ್ಲೂ ನೋಡಬಾರದು. ನೋಡಬೇಕಾದದ್ದು ಗೋಡೆಯ ಮೇಲಿನ ಬಿಲ್ಲೆಯನ್ನು ಮಾತ್ರ. ಕನ್ನಡಿಯ ಬೆಳಕನ್ನು ರಸ್ತೆಗೆ, ಎದುರು ಕಟ್ಟಡದ ಕಿಟಕಿಗೆ, ಗಾಡಿ ಓಡಿಸುವವರ ಮುಖಕ್ಕೆ ಬಿಡಬೇಡಿ. ಕಣ್ಣಿಗೂ ಅಪಾಯ, ಜಗಳಕ್ಕೂ ದಾರಿ.

ಯಾದಗಿರಿಯವರಿಗೆ ನಾವು ಇದನ್ನು ಕಾಗದದಲ್ಲಿ ಬರೆದುಕೊಟ್ಟೆವು. ಅವರು ಫೋಟೋ ತೆಗೆದು ಊರಿಗೆ ಕಳಿಸಿದರು. ಇಲ್ಲಿ ಬೆಳಗ್ಗೆ ಎಂಟು ಅಂದರೆ ಅಲ್ಲಿ ಒಂಬತ್ತೂವರೆ. ಎರಡೂ ಕಡೆ ಬಿಸಿಲು ಚೆನ್ನಾಗಿರುತ್ತದೆ, ಸೂರ್ಯ ತೀರ ನೆತ್ತಿಗೂ ಬಂದಿರುವುದಿಲ್ಲ. ರಜೆ ದಿನ ವಿಡಿಯೋ ಕಾಲ್ ಹಾಕಿ ಕೂತರು. ಮಗಳು ಕಟ್ಟೆಯ ಮೇಲೆ ಕನ್ನಡಿ ಇಟ್ಟು, ಮುಂಬಾಗಿಲಿನಿಂದ ಪಡಸಾಲೆ ದಾಟಿಸಿ ಹಿಂದಿನ ಗೋಡೆಗೆ ಬಿಸಿಲು ಬಿಟ್ಟಳು. ದೂರ 8 ಮೀಟರ್. ಲೆಕ್ಕ ಹಾಕಿದಾಗ 18 ಲಕ್ಷ ಬಂತು. ಅಪ್ಪನದು 14, ಮಗಳದು 18. ಅಪ್ಪ "ಇನ್ನೊಮ್ಮೆ ಅಳಿಯವ್ವಾ" ಅಂದರು. ಮತ್ತೆ 18.

ಒಂದಷ್ಟು ಹೊತ್ತು ಆ ಕಡೆ ಸದ್ದೇ ಇರಲಿಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡೆವು. ಆಮೇಲೆ ಕೂಗಿದಳು, "ಅಪ್ಪಾ, ಬಿಸಿಲು ದುಂಡಗ ಇಲ್ಲ, ತತ್ತಿ ಹಂಗ ಬಿದ್ದೈತಿ. ನಿಲ್ಲು, ನಾ ರಟ್ಟು ಹಿಡೀತೀನಿ." ಗೋಡೆಗೆ ಬೆಳಕು ಓರೆಯಾಗಿ ಬಿದ್ದು ಉದ್ದ ಎಳೆದಿತ್ತು. ಅದನ್ನು ಅಳೆದಿದ್ದಳು. ರಟ್ಟನ್ನು ತಿರುಗಿಸಿ ತಿರುಗಿಸಿ ಗುಂಡಗಾಗುವ ತನಕ ಹಿಡಿದು ಅಳೆದರೆ 8 ಸೆಂಟಿಮೀಟರ್. ತೂತು ಕಳೆದು ಏಳೂವರೆ. 14 ಲಕ್ಷದ 6 ಸಾವಿರ ಚಿಲ್ಲರೆ. ಯಾದಗಿರಿಯವರು ನಮ್ಮ ಕಡೆ ತಿರುಗಿ "ನಮ್ಮದಕ್ಕಿಂತ ಅಕೀದ ಸಮೀಪ ಬಂತಲ್ರೀ ಸರ" ಅಂದರು. ಆವತ್ತಿನ ಕಾಲ್ ನಲವತ್ತು ನಿಮಿಷ ನಡೆಯಿತು. ಕೊನೆಗೆ ಬ್ಯಾಟರಿ ಮುಗಿದು ಕಟ್ಟಾಯಿತು.

ಬೇಗ ಗುರುತು ಹಾಕಬೇಕು ಅಂದೆವಲ್ಲ, ಅದರ ಕಾರಣ. ಬಿಲ್ಲೆ ಒಂದು ಕಡೆ ನಿಲ್ಲುವುದಿಲ್ಲ. ಕನ್ನಡಿ ಅಲುಗಾಡದಿದ್ದರೂ ಗೋಡೆಯ ಮೇಲೆ ಬಿಲ್ಲೆ ಜಾರುತ್ತಾ ಹೋಗುತ್ತದೆ. ಸುಮಾರು ಎರಡು ನಿಮಿಷಕ್ಕೆ ತನ್ನಷ್ಟೇ ಅಗಲ ಸರಿದುಬಿಡುತ್ತದೆ. ಭೂಮಿ ತಿರುಗುತ್ತಿದೆ ಅಂತ ಓದಿದ್ದೆವು, ಕಾರಿಡಾರಿನ ಗೋಡೆಯ ಮೇಲೆ ಅದು ತಿರುಗುವುದನ್ನು ನೋಡಿದ್ದು ನಾವು ಇದೇ ಮೊದಲು. ಬಂಟ್ವಾಳದವರಲ್ಲಿ ಒಬ್ಬರು ಚಹಾ ಲೋಟ ಹಿಡಿದು ಇಪ್ಪತ್ತು ನಿಮಿಷ ಅದನ್ನೇ ನೋಡುತ್ತಾ ಕೂತರು. "ಎಂತ ಮಾರಾಯ್ರೆ, ನಿಲ್ಲುದೇ ಇಲ್ಲ ಅಲ್ವಾ ಇದು" ಅಂತ ಅವರ ಟಿಪ್ಪಣಿ.

ಇದೇ ತತ್ವದ ಇನ್ನೊಂದು ಆಟ, ರೂಮನ್ನೇ ಕ್ಯಾಮೆರಾ ಮಾಡುವುದು. ಕಿಟಕಿಗೆ ಕಸದ ಕಪ್ಪು ಚೀಲ ಎರಡು ಪದರ ಅಂಟಿಸಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ಕಪ್ಪು ಚೀಲದಲ್ಲಿ ಒಂದು ಸೆಂಟಿಮೀಟರ್ ತೂತು ಮಾಡಿ. ಹತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ. ಆಗ ಎದುರು ಗೋಡೆಯ ಮೇಲೆ ಹೊರಗಿನ ಬೀದಿ ಪೂರ್ತಿ ತಲೆಕೆಳಗಾಗಿ, ಬಣ್ಣದಲ್ಲಿ, ಓಡಾಡುತ್ತಾ ಕಾಣುತ್ತದೆ. ಆಕಾಶ ಕೆಳಗೆ, ಟ್ಯಾಕ್ಸಿಗಳು ಚಾವಣಿಯ ಹತ್ತಿರ. ಎದುರು ಕಟ್ಟಡದ ಗೋಡೆಗೆ ಬಿಸಿಲು ಬಿದ್ದಿರಬೇಕು ಅನ್ನುವುದು ಮುಖ್ಯ. ನಿಮ್ಮ ಕಿಟಕಿ ಪೂರ್ವಕ್ಕಿದ್ದರೆ ಮಧ್ಯಾಹ್ನದ ಮೇಲೆ ಮಾಡಿ, ಪಶ್ಚಿಮಕ್ಕಿದ್ದರೆ ಬೆಳಗ್ಗೆ. ತೂತು ಸಣ್ಣದು ಮಾಡಿದಷ್ಟೂ ಚಿತ್ರ ಚುರುಕು, ಆದರೆ ಮಬ್ಬು. ವಿಡಿಯೋ ಕಾಲಿನಲ್ಲಿ ಇದು ಸರಿಯಾಗಿ ಕಾಣುವುದಿಲ್ಲ. ಫೋನನ್ನು ಲೋಟಕ್ಕೆ ಒರಗಿಸಿ ನೈಟ್ ಮೋಡಿನಲ್ಲಿ ಫೋಟೋ ತೆಗೆದು ಕಳಿಸಿ. ರಾತ್ರಿ ಪಾಳಿ ಮುಗಿಸಿ ಮಲಗಿರುವವರು ರೂಮಿನಲ್ಲಿದ್ದರೆ ಅವರಿಗೂ ಖುಷಿ, ಕತ್ತಲಾಯಿತಲ್ಲ ಅಂತ.

ಈ ಕತ್ತಲೆ ಕೋಣೆಯ ಪ್ರಯೋಗವನ್ನು ಸಾವಿರ ವರ್ಷದ ಹಿಂದೆ ಕ್ರಮವಾಗಿ ಮಾಡಿ ಬರೆದಿಟ್ಟವರು ನಾವಿರುವ ಈ ಕಡೆಯವರೇ. ಇಬ್ನ್ ಅಲ್-ಹೈಥಮ್. ಈಗಿನ ಇರಾಕಿನ ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದವರು. ಬೆಳಕಿನ ಬಗ್ಗೆ 'ಕಿತಾಬ್ ಅಲ್-ಮನಾಝಿರ್' ಅನ್ನುವ ದೊಡ್ಡ ಗ್ರಂಥ ಬರೆದರು. ಕಣ್ಣಿನಿಂದ ಬೆಳಕು ಹೊರಟು ವಸ್ತುವನ್ನು ಮುಟ್ಟುತ್ತದೆ ಅಂತ ಬಹಳ ಜನ ಹಿಂದಿನವರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಹೊರಟ ಬೆಳಕು ಕಣ್ಣಿಗೆ ಬರುತ್ತದೆ ಅಂತ ಪ್ರಯೋಗಗಳಿಂದ ವಾದಿಸಿದವರು ಇವರು. ಹಲವು ದೀಪಗಳನ್ನು ಒಂದು ತೂತಿನ ಎದುರಿಟ್ಟು, ಒಂದೊಂದನ್ನೇ ಮುಚ್ಚಿ, ಕತ್ತಲೆ ಕೋಣೆಯಲ್ಲಿ ಯಾವ ಬೆಳಕಿನ ಚುಕ್ಕೆ ಮಾಯವಾಗುತ್ತದೆ ಅಂತ ನೋಡಿದ್ದರು. ಗ್ರಹಣದ ಸೂರ್ಯ ತೂತಿನಿಂದ ಕುಡುಗೋಲಿನಂತೆ ಮೂಡುವುದರ ಬಗ್ಗೆಯೂ ಬೇರೆಯಾಗಿ ಬರೆದಿದ್ದಾರೆ. ಆಫೀಸಿನಲ್ಲಿ ನಮ್ಮ ಜತೆ ಕೆಲಸ ಮಾಡುವ ಈಜಿಪ್ಟಿನವರಿಗೆ ಈ ಹೆಸರು ಹೇಳಿ ನೋಡಿ, ಮುಖ ಅರಳುತ್ತದೆ.

ಗ್ರಹಣದ ಮಾತು ಬಂತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಈ ಅಂಕಣದ ಹಳೆಯ ಓದುಗರಿಗೆ ನೆನಪಿರಬಹುದು. ಬೆಳಗ್ಗೆ ಸೌದಿಯಲ್ಲಿ ಶುರುವಾಗಿ, ಕತಾರ್, ಎಮಿರೇಟ್ಸ್, ಒಮಾನ್ ದಾಟಿ, ಅರಬ್ಬಿ ಸಮುದ್ರ ಹಾರಿ, ಮಂಗಳೂರು-ಕೊಡಗಿನ ಮೇಲೆ ಹೋಯಿತು. ಇಲ್ಲಿನ ಲಿವಾ ಮರಳುಗಾಡಿನಲ್ಲಿ ಬಳೆಯಂತೆ ಕಂಡ ಸೂರ್ಯ ಅರ್ಧ ಗಂಟೆಯೊಳಗೇ ಮಂಗಳೂರಿನವರಿಗೂ ಬಳೆಯಂತೆ ಕಂಡ. ವಿಮಾನದಲ್ಲಿ ನಮಗೆ ಮೂರು ಗಂಟೆ ಮೇಲೆ ಬೇಕಾಗುವ ದಾರಿ. ಆವತ್ತು ಮಾವಿನ ಮರದ ಕೆಳಗೆ ನೋಡಿದ್ದರೆ ಎಲೆಸಂದಿಯ ಬಿಸಿಲಿನ ಚುಕ್ಕೆಗಳೆಲ್ಲ ಬಳೆಗಳಾಗಿ ಬಿದ್ದಿರುತ್ತಿದ್ದವು. ಬಹಳ ಮನೆಗಳಲ್ಲಿ ಮಕ್ಕಳನ್ನು ಒಳಗೆ ಕೂಡಿಸಿ ಬಾಗಿಲು ಹಾಕಿದ್ದರು. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಮೇಲೆ ಪೂರ್ಣ ಗ್ರಹಣ ಹೋದಾಗಲೂ ಹಾಗೇ ಆಗಿತ್ತು ಅಂತ ಹಿರಿಯರು ಹೇಳುತ್ತಾರೆ. ಮಟಮಟ ಮಧ್ಯಾಹ್ನವಾದ ಮೇಲೆ ಕತ್ತಲಾದದ್ದನ್ನು ಬಾಗಿಲ ಸಂದಿಯಲ್ಲೇ ನೋಡಿದ್ದಂತೆ. ಮನೆಯ ಹಿರಿಯರ ನಂಬಿಕೆಗೆ ಎದುರು ಮಾತಾಡುವುದು ಕಷ್ಟ, ನಮಗೂ ಗೊತ್ತು. ಆದರೆ ಕನ್ನಡಿಯ ಬಿಲ್ಲೆಯನ್ನು ಪಡಸಾಲೆಯ ಗೋಡೆಗೆ ಬಿಟ್ಟರೆ, ಒಳಗೆ ಕೂತೇ ಗ್ರಹಣ ನೋಡಬಹುದು. ಅಜ್ಜಿಯೂ ನೋಡಬಹುದು.

ಮುಂದಿನ ಅವಕಾಶ 2027ರ ಆಗಸ್ಟ್ 2, ಸೋಮವಾರ. ಆವತ್ತಿನ ಪೂರ್ಣ ಗ್ರಹಣದ ದಾರಿ ಈಜಿಪ್ಟಿನ ಲಕ್ಸರ್, ಸೌದಿಯ ಜಿದ್ದಾ, ಮಕ್ಕಾ, ಆಮೇಲೆ ಯೆಮೆನ್ ಮೇಲೆ ಹೋಗುತ್ತದೆ. ಜಿದ್ದಾದಲ್ಲಿರುವ ನಮ್ಮ ಓದುಗರು ಪುಣ್ಯವಂತರು. ಎಮಿರೇಟ್ಸಿನಲ್ಲಿ ನಮಗೆ ಮಧ್ಯಾಹ್ನ ಪಾರ್ಶ್ವ ಗ್ರಹಣ, ಊರಲ್ಲಿ ಸಂಜೆಯ ಕಡೆಗೆ ಸ್ವಲ್ಪ. ಕನ್ನಡಿ ಜೋಪಾನವಾಗಿ ಎತ್ತಿಡಿ.

ಇನ್ನು ಕರೆಂಟಿನ ಕೈಕೆಲಸ ಬೇಕು ಅನ್ನುವವರಿಗೆ. ನಾಲ್ಕು ನಿಂಬೆಹಣ್ಣು, ನಾಲ್ಕು ಸತು ಲೇಪದ ಮೊಳೆ, ನಾಲ್ಕು ತುಂಡು ಸಿಪ್ಪೆ ಸುಲಿದ ತಾಮ್ರದ ತಂತಿ, ಒಂದು ಕೆಂಪು ಎಲ್‌ಇಡಿ. ಪ್ರತಿ ಹಣ್ಣಿಗೂ ಒಂದು ಮೊಳೆ, ಒಂದು ತಾಮ್ರ ಚುಚ್ಚಬೇಕು, ಒಳಗೆ ಒಂದಕ್ಕೊಂದು ತಾಗಬಾರದು. ಒಂದು ಹಣ್ಣಿನ ತಾಮ್ರವನ್ನು ಪಕ್ಕದ ಹಣ್ಣಿನ ಮೊಳೆಗೆ ಕಟ್ಟುತ್ತಾ ಸರಪಳಿ ಮಾಡಿ. ಕೊನೆಗೆ ಉಳಿದ ತಾಮ್ರಕ್ಕೆ ಎಲ್‌ಇಡಿಯ ಉದ್ದ ಕಾಲು, ಉಳಿದ ಮೊಳೆಗೆ ಗಿಡ್ಡ ಕಾಲು. ಒಂದು ಹಣ್ಣಿನಿಂದ ಒಂದು ವೋಲ್ಟಿಗೆ ಸ್ವಲ್ಪ ಕಡಿಮೆ ಬರುತ್ತದೆ, ಕೆಂಪು ಎಲ್‌ಇಡಿಗೆ ಎರಡರ ಹತ್ತಿರ ಬೇಕು, ಅದಕ್ಕೇ ಮೂರು-ನಾಲ್ಕು ಹಣ್ಣು. ದೀಪ ಮಂದವಾಗಿರುತ್ತದೆ, ಲೈಟ್ ಆರಿಸಿ ನೋಡಿ. ಕರೆಂಟು ನಿಂಬೆಹಣ್ಣಿನಿಂದ ಬರುತ್ತದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ದೊಡ್ಡವರೂ ಅಂದುಕೊಳ್ಳುತ್ತಾರೆ. ಖರ್ಚಾಗುವ ಬಂಡವಾಳ ಮೊಳೆಯ ಮೇಲಿನ ಸತು. ನಿಂಬೆ ರಸ ವ್ಯವಹಾರ ನಡೆಯುವ ಜಾಗ ಮಾತ್ರ. ಸತು ರಸದೊಳಗೆ ಕರಗಿರುತ್ತದೆ, ಆದ್ದರಿಂದ ಆ ಹಣ್ಣನ್ನು ಆಮೇಲೆ ಶರಬತ್ತಿಗೆ ಹಿಂಡಬೇಡಿ. ಯಾದಗಿರಿಯವರು ಸೈಟಿನ ಬೈಂಡಿಂಗ್ ವೈರ್ ಆಗುತ್ತದಾ ಅಂತ ಪ್ರಯತ್ನಿಸಿದರು. ಅದು ಕಪ್ಪು ಕಬ್ಬಿಣ, ಸತು ಇಲ್ಲ, ವೋಲ್ಟು ಸಾಲದು.

ಪೆನ್ಸಿಲ್ ಸೆಲ್, ಬಿಲ್ಲೆ ಮ್ಯಾಗ್ನೆಟ್, ತಾಮ್ರದ ತಂತಿಯಿಂದ ಗಿರಗಿರ ತಿರುಗುವ ಮೋಟಾರೂ ಮಾಡಬಹುದು. 1821ರಲ್ಲಿ ಫ್ಯಾರಡೆ ತೋರಿಸಿದ ತಿರುಗಾಟದ ತಮ್ಮ ಅದು. ಆದರೆ ಅದರ ಬಲವಾದ ಸಣ್ಣ ಮ್ಯಾಗ್ನೆಟ್ ಬಗ್ಗೆ ನಮಗೆ ಭಯ. ಚಿಕ್ಕ ಮಕ್ಕಳು ಎರಡು ನುಂಗಿಬಿಟ್ಟರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಆಪರೇಷನ್ನೇ ಆಗಬೇಕಾಗುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದು ಬೇಡವೇ ಬೇಡ. ಪವರ್ ಬ್ಯಾಂಕ್, ಫೋನ್ ಬ್ಯಾಟರಿ ಬಿಚ್ಚುವುದು, ಕೆಟ್ಟ ಮೈಕ್ರೋವೇವ್ ಬಿಚ್ಚುವುದು, ಗೋಡೆಯ ಪ್ಲಗ್ಗಿಗೆ ಸ್ವಂತ ವೈರಿಂಗ್ ಮಾಡುವುದು, ಇವುಗಳ ಬಗ್ಗೆ ಬರೆಯಿರಿ ಅಂತ ಕೇಳಿದವರಿಗೆ ನಮ್ಮ ಉತ್ತರ ಮೊದಲಿನಿಂದಲೂ ಒಂದೇ. ಬರೆಯುವುದಿಲ್ಲ. ಮೇಲೆ ಕೆಳಗೆ ಮಂಚ ಹಾಕಿ ಆರು ಜನ ಮಲಗುವ ರೂಮಿನಲ್ಲಿ ಒಬ್ಬರ ಪ್ರಯೋಗ ಆರು ಜನರದೂ ಆಗುತ್ತದೆ.

ಕೊನೆಯದು ಬಿಸಿಲಿನಲ್ಲಿ ಕೆಲಸ ಮಾಡುವವರಿಗಾಗಿ. ಇದನ್ನು ಆಟ ಅಂತ ಕರೆಯಲು ನಮಗೆ ಮನಸ್ಸಿಲ್ಲ. ಗಾಜಿನ ಕೊಳವೆಯಲ್ಲಿ ಕೆಂಪು ದ್ರವ ಇರುವ ಎರಡು ರೂಮ್ ಥರ್ಮಾಮೀಟರ್ ತಗೊಳ್ಳಿ. ಪಾದರಸದ್ದು ಬೇಡ. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಾಟಲಿ ಮುಚ್ಚಳದಲ್ಲಿ ಅದ್ದಿಡಿ. ಎರಡನ್ನೂ ನೆರಳಲ್ಲಿ ಪಕ್ಕಪಕ್ಕ ನೇತುಹಾಕಿ ರಟ್ಟಿನಿಂದ ಐದು ನಿಮಿಷ ಗಾಳಿ ಬೀಸಿ. ಒದ್ದೆಯದು ಕೆಳಗಿಳಿಯುತ್ತದೆ. ನೀರು ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ, ಮಡಕೆಯ ನೀರು ತಣ್ಣಗಾಗುವುದೂ, ಬೆವರಿನಿಂದ ನಮ್ಮ ಮೈ ತಣ್ಣಗಾಗುವುದೂ ಇದರಿಂದಲೇ.

ಈಗ ಎರಡರ ಅಂತರ ನೋಡಿ. ಒಳನಾಡಿನ ಒಣ ಬಿಸಿಲಿನಲ್ಲಿ ಒಣ ಥರ್ಮಾಮೀಟರ್ 42, ಒದ್ದೆಯದು 22 ತೋರಿಸಬಹುದು. ಗಾಳಿಯಲ್ಲಿ ತೇವ ನೂರಕ್ಕೆ 16ರಷ್ಟು ಮಾತ್ರ. ಕಲಬುರಗಿ-ರಾಯಚೂರಿನ ಬೇಸಿಗೆ ಇದಕ್ಕೆ ಹತ್ತಿರ, ಅಲ್ಲಿ ಮಡಕೆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಜುಲೈ-ಆಗಸ್ಟಿನಲ್ಲಿ ಇಲ್ಲಿನ ಕಡಲ ಕಡೆ ಒಣದು 36, ಒದ್ದೆಯದು 31 ಇರುವ ಸಂಜೆಗಳಿವೆ. ತೇವ 70ರ ಹತ್ತಿರ. 36 ಅಂದರೆ 42ಕ್ಕಿಂತ ಕಡಿಮೆಯಲ್ಲವೇ ಅಂತ ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಆ ಸಂಜೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಕೆಲಸ ಮಾಡುವ ಮೈ ಒಳಗಿನಿಂದ ಬಿಸಿಯಾಗುತ್ತಲೇ ಹೋಗುತ್ತದೆ. ಮಡಕೆ ನೀರು ತಣ್ಣಗಾಗದ ದಿನ ಮನುಷ್ಯನೂ ತಣ್ಣಗಾಗುವುದಿಲ್ಲ ಅಂತ ಸೈಟಿನಲ್ಲಿರುವ ಹುಡುಗರಿಗೆ ಹೇಳಿ. ಅವರು ನಂಬದಿದ್ದರೆ ಥರ್ಮಾಮೀಟರ್ ತೋರಿಸಿ.

ಎಮಿರೇಟ್ಸಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3:00ರವರೆಗೆ ನೇರ ಬಿಸಿಲಿನಲ್ಲಿ ಹೊರಗೆಲಸ ಮಾಡಿಸುವಂತಿಲ್ಲ, ಗೊತ್ತಿರುವ ವಿಷಯ. ಆ ಹೊತ್ತಲ್ಲದ ಹೊತ್ತಿಗೆ ಈ ಎರಡು ಥರ್ಮಾಮೀಟರ್ ಉಪಯೋಗಕ್ಕೆ ಬರುತ್ತದೆ. ಯಾದಗಿರಿಯವರು ಈಗ ಒಂದು ಜತೆಯನ್ನು ಸೈಟಿನ ನೀರಿನ ಡ್ರಮ್ಮಿನ ಪಕ್ಕ, ನೆರಳಲ್ಲಿ ಕಟ್ಟಿದ್ದಾರೆ. ಎರಡರ ಅಂತರ ಐದಕ್ಕೆ ಬಂದರೆ ಅವರ ಗುಂಪಿನವರು ಅರ್ಧ ಗಂಟೆಗೊಮ್ಮೆ ನೀರು ಕುಡಿದು, ನೆರಳಿಗೆ ಬಂದು ಹೋಗುತ್ತಾರೆ. ಫೋರ್‌ಮನ್ ಮೊದಲು ನಕ್ಕರಂತೆ. ಈಗ ದಿನಾ ಬೆಳಗ್ಗೆ ಅವರೇ ಬಂದು "ಎಷ್ಟು?" ಅಂತ ಕೇಳುತ್ತಾರಂತೆ. ತಲೆ ಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಥರ್ಮಾಮೀಟರ್ ನೋಡುತ್ತಾ ನಿಲ್ಲಬೇಡಿ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಂಬುಲೆನ್ಸಿಗೆ 998 ಒತ್ತಿ.

ಯಾದಗಿರಿಯ ಹುಡುಗಿಗೂ ಈ ವಿಷಯ ಗೊತ್ತಾಗಿದೆ. ಅವಳಿಗೆ ಅಲ್ಲಿ ಎರಡು ಥರ್ಮಾಮೀಟರ್ ಸಿಕ್ಕಿಲ್ಲ. ಹಾಗಾಗಿ ದಿನಾ ರಾತ್ರಿ ಅಪ್ಪನದನ್ನೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಒಣದು, ಒದ್ದೆಯದು, ಅಂತರ, ಮೂರು ಕಾಲಂ.

ಸೂರ್ಯನನ್ನು ಅಳೆದವರು ನಮಗೂ ಲೆಕ್ಕ ಕಳಿಸಿ. ಕನ್ನಡಿಯಿಂದ ದೂರ, ಬಿಲ್ಲೆಯ ಅಗಲ, ತೂತಿನ ಅಗಲ, ಯಾವ ಊರು, ಇಷ್ಟು ಸಾಕು. ಇಲ್ಲಿಂದ ಅಪ್ಪ, ಅಲ್ಲಿಂದ ಮಗು, ಇಬ್ಬರೂ ಕಳಿಸಿದರೆ ಇನ್ನೂ ಒಳ್ಳೆಯದು. ಈ ತಿಂಗಳ 25ರೊಳಗೆ ಬಂದವನ್ನು ಜೂನ್ ಸಂಚಿಕೆಯಲ್ಲಿ ಪಟ್ಟಿ ಮಾಡಿ, ಸರಾಸರಿ ತೆಗೆದು ಹಾಕುತ್ತೇವೆ. 18 ಲಕ್ಷ ಬಂದವರು ರಟ್ಟನ್ನು ಸ್ವಲ್ಪ ತಿರುಗಿಸಿ ನೋಡಿ, ಆಮೇಲೆ ಕಳಿಸಿ.